ಕಿರುಚುವ ದಿನ

ಕಿರುಚುವ ದಿನ ಅಲೊಂಜೊ ಪ್ರೂಯಿಟ್ ಬೆಳಗ್ಗೆ ಏನನ್ನೂ ತಿನ್ನುವುದಿಲ್ಲ. ತುಂಬಿದ ಹೊಟ್ಟೆಯ ಕಿರುಚು ಎದೆಯಿಂದ ಮೇಲೇಳುವುದಿಲ್ಲ, ಎದ್ದರೂ ತೇಗಿನ ಹಾಗೆ ಕೇಳುತ್ತದೆ ಎನ್ನುವುದು ಸಿನಿಮಾದಲ್ಲಿ ಇಪ್ಪತ್ತು ವರ್ಷ ಹೆದರಿ ಹೆದರಿ ಅವನು ಕಲಿತ ವಿದ್ಯೆ. ದೆವ್ವ ಕಂಡು, ಹೆಣ ಕಂಡು, ತಾನಾಗಿಯೇ ತೆರೆದುಕೊಳ್ಳುವ ಬಾಗಿಲು ಕಂಡು, ಕೊನೆಗೆ ಕನ್ನಡಿಯಲ್ಲಿ ತನ್ನನ್ನೇ ಕಂಡು ಕಿರುಚಿದವನು ಅವನು. ಪರದೆಯ ಮೇಲೆ ಅವನ ಹೆಸರು ಜೆಲ್ಲಿ. ತಟ್ಟೆಯಲ್ಲಿ ಅಲುಗಾಡುವ ಆ ತಿಂಡಿಯ ಹಾಗೆ ಮೈಯೆಲ್ಲ ನಡುಗಿಸುತ್ತಾನೆಂದು ಯಾರೋ ಇಟ್ಟ ಹೆಸರು, ಅಂಟಿಕೊಂಡುಬಿಟ್ಟಿತು. ಬೇಕೆಂದಾಗ ನಡುಗುವುದು, ಬೇಡವೆಂದಾಗ ನಿಲ್ಲಿಸುವುದು ಅವನ ಕೈಯಲ್ಲಿತ್ತು. ಇವತ್ತು ಮಾತ್ರ ಕಾಫಿ ಬಟ್ಟಲು ತಟ್ಟೆಗೆ ತಗುಲಿ ಟಕಟಕ ಸದ್ದು ಮಾಡುತ್ತಿತ್ತು, ನಿಲ್ಲು ಎಂದರೂ ಕೈ ನಿಲ್ಲುತ್ತಿರಲಿಲ್ಲ. ಸದ್ದು ಹೆಂಡತಿಗೆ ಕೇಳಿಸದಿರಲೆಂದು ಅವನು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡ.

ಕೊರಿನ್ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ಕೈಯಲ್ಲಿದ್ದ ತಟ್ಟೆಯಲ್ಲಿ ಮೊಟ್ಟೆ, ಹುರಿದ ಮಾಂಸ, ಮೆಕ್ಕೆಜೋಳದ ಬ್ರೆಡ್ಡು ಎಲ್ಲ ಹಾಗೇ ಇದ್ದವು. ತಟ್ಟೆಯನ್ನು ಒಲೆಯ ಪಕ್ಕದಲ್ಲಿ ಕುಕ್ಕಿದಳು.

"ತಿಂದನಾ?"

"ಕಾಫಿ ಕುಡ್ದ. ಇದನ್ನ ಮುಟ್ಲಿಲ್ಲ."

"ಏನಾದ್ರೂ ಅಂದನಾ?"

"ಬೇಡಮ್ಮ ಅಂದ. ಅಷ್ಟೇ. ರಾತ್ರಿಯೆಲ್ಲ ಆ ಕಾರಲ್ಲಿ ಕೂತಿದಾನೆ, ಲೊಂಜೊ. ಇಟಲಿಯ ಯುದ್ಧದಿಂದ ಜೀವ ಉಳಿಸ್ಕೊಂಡು ಬಂದ ಮಗ, ಅವನಿಗೆ ಅಂತ ಹೊಸ ಹಾಸಿಗೆ ಹೊಲಿಸಿದೀನಿ, ಕಾರಲ್ಲಿ ಮಲಗ್ತಾನಂತೆ. ನಿನ್ನೆ ಏನಾಯ್ತು ಅಂತ ಅಪ್ಪ ಮಗ ಇಬ್ರಲ್ಲಿ ಒಬ್ರಾದ್ರೂ ಬಾಯಿ ಬಿಡ್ತೀರೋ, ಇಲ್ಲ ನಾನೇ ಬೀದಿಗೆ ಹೋಗಿ ಕೇಳ್ಕೊಂಡ್ ಬರ್ಲೋ?"

"ಟೈರು ಪಂಕ್ಚರ್ ಆಯ್ತು ಅಂದ್ನಲ್ಲ."

"ಟೈರು ಪಂಕ್ಚರ್ ಆದ್ರೆ ಯಾರಾದ್ರೂ ಮಾತು ಬಿಡ್ತಾರಾ?"

ಅವನು ಟೋಪಿ ತೆಗೆದುಕೊಂಡ. ಕಾರಿನ ಕೀಲಿ ಮಗನ ಹತ್ತಿರವೇ ಇತ್ತು. ಕೇಳಿದರೆ ಕೊಡುತ್ತಿದ್ದ, ಆದರೆ ಕೇಳುವುದಕ್ಕೆ ಕಾರಿನ ಹತ್ತಿರ ಹೋಗಬೇಕು, ಕಿಟಕಿಯಲ್ಲಿ ಬಗ್ಗಬೇಕು, ಡೆಲ್ಮರ್ ಮುಖವೆತ್ತಿ ನೋಡಬೇಕು. ಅಲೊಂಜೊ ಮುಂಬಾಗಿಲಿನಿಂದ ಹೊರಟು, ತನ್ನ ಮನೆಯನ್ನೇ ಸುತ್ತಿಬಳಸಿ, ಟ್ರಾಮು ಹಿಡಿಯಲು ಸೆಂಟ್ರಲ್ ಅವೆನ್ಯೂ ಕಡೆಗೆ ನಡೆದ. ಬೇಲಿಯ ಸಂದಿಯಿಂದ ಹಸಿರು ಕಾರಿನ ಹಿಂಭಾಗ ಕಂಡಿತು. ಸ್ಟೀರಿಂಗ್ ಹಿಂದೆ ಸೈನ್ಯದ ಟೋಪಿ ಇಲ್ಲದ ಒಂದು ತಲೆ ಇತ್ತು, ಅಲುಗಾಡುತ್ತಿರಲಿಲ್ಲ. ಕಳ್ಳನ ಹಾಗೆ ಹೆಜ್ಜೆ ಇಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಹೆಜ್ಜೆಯನ್ನು ಮಾತ್ರ ಬದಲಿಸಲಿಲ್ಲ.

ಟೈರು ಪಂಕ್ಚರ್ ಆದದ್ದು ಸುಳ್ಳಲ್ಲ. ಬೆಟ್ಟದ ಆಚೆಯ ಆ ಊರಲ್ಲಿ ಹೊತ್ತು ಮುಳುಗಿದ ಮೇಲೆ ಕರಿಯರು ಕಾಣಿಸಿಕೊಳ್ಳಬಾರದೆನ್ನುವುದನ್ನು ಬೋರ್ಡು ಹಾಕಿ ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಡೆಲ್ಮರ್‌ಗೆ ಕಾರು ಓಡಿಸುವ ಆಸೆ, ಸಮುದ್ರಕ್ಕಿಂತ ಬೆಟ್ಟದ ದಾರಿಯೇ ಚೆಂದ ಎಂದ, ಬಿಸಿಲಿರುವಾಗಲೇ ವಾಪಸು ಬಂದುಬಿಡುವುದೆಂದು ಅಲೊಂಜೊ ಒಪ್ಪಿಕೊಂಡ. ಜಾಕು ಸರಿಯಾಗಿ ಕೂರಲಿಲ್ಲ. ಮಗ ಅವಸರವಿಲ್ಲದೆ ಅಂಗಿತೋಳು ಮಡಿಸಿ ಚಕ್ರ ಬಿಚ್ಚುತ್ತಿದ್ದರೆ, ಅಪ್ಪ ಪಕ್ಕದಲ್ಲಿ ನಿಂತು ಬೆಟ್ಟದ ನೆರಳು ರಸ್ತೆಗೆ ಇಳಿಯುವುದನ್ನು ನೋಡುತ್ತಿದ್ದ. ಬೇಗ ಬೇಗ ಎಂದು ಹೇಳಲು ನಾಚಿಕೆ. ಮಗನ ತೋಳಿನ ಮೇಲೆ ಸಾರ್ಜೆಂಟಿನ ಪಟ್ಟಿಗಳಿದ್ದವು. ಚಕ್ರ ಹಾಕಿ ಇಬ್ಬರೂ ಕಾರಿನೊಳಗೆ ಕೂತ ಮೇಲೆ ಪೊಲೀಸರ ಕಾರು ಎದುರಿಗೆ ಬಂದು ನಿಂತಾಗ ಆಕಾಶದಲ್ಲಿ ಇನ್ನೂ ಬೆಳಕಿತ್ತು, ಕೆಳಗಿರಲಿಲ್ಲ. ಯಾರ ಕಾರು? ನಮ್ಮಪ್ಪನದು. ನಿಮ್ಮಪ್ಪ ಏನು ಬ್ಯಾಂಕು ದೋಚಿದಾನಾ? ಸ್ಟೀರಿಂಗ್ ಹಿಡಿದ ಡೆಲ್ಮರ್‌ನ ಬೆರಳುಗಳು ಬಿಗಿಯಾದವು. ಕಿಟಕಿಯ ಹತ್ತಿರವಿದ್ದ ದಪ್ಪ ಪೊಲೀಸಿನವನ ಕೈ ಸೊಂಟದ ಪಿಸ್ತೂಲಿನ ಮೇಲೆ ಹೋಗಿ ಕೂತಿತು. ಇಳಿಯೋ ಕೆಳಗೆ. ಕಾರಣ ಹೇಳಿ ಇಳೀತೀನಿ, ಎಂದ ಡೆಲ್ಮರ್. ಅಷ್ಟು ಮೆಲ್ಲಗೆ, ಅಷ್ಟು ಚೆನ್ನಾಗಿ ಅವನು ಮಾತಾಡುವುದನ್ನು ಅಲೊಂಜೊ ಎಂದೂ ಕೇಳಿರಲಿಲ್ಲ. ಮಗನನ್ನು ಇಲ್ಲೇ, ಈ ಸೀಟಿನಲ್ಲೇ ಕೊಂದುಹಾಕುತ್ತಾರೆ ಎಂದು ಅವನಿಗೆ ಖಚಿತವಾಯಿತು.

ಆಗ ಅದು ಬಂತು. ಅಲೊಂಜೊನ ಕಣ್ಣುಗುಡ್ಡೆ ಬಿಳಿ ತೋರಿಸಿ ಮೇಲೇರಿತು, ದವಡೆ ಜೋತುಬಿತ್ತು, ಮೊಣಕಾಲುಗಳು ಒಂದಕ್ಕೊಂದು ಬಡಿದುಕೊಂಡವು. ಎಳೆದೆಳೆದು ಹಾಡುವ ಆ ದನಿಯಲ್ಲಿ "ಅಯ್ಯಯ್ಯಯ್ಯೋ ಸಾರ್, ನನ್ನ ಕಾಲು ನನ್ನ ಬಿಟ್ಟು ಓಡ್ಹೋಗ್ತಾ ಐತೆ ಸಾರ್" ಎಂಬ ಮಾತು ಹೊರಗೆ ಬಿತ್ತು. ದಪ್ಪ ಪೊಲೀಸಿನವನ ಬಾಯಿ ತೆರೆಯಿತು. ಟಾರ್ಚು ತಂದು ಮುಖಕ್ಕೆ ಹಿಡಿದು, ಜೊತೆಯ ಪೊಲೀಸಿನವನನ್ನು ಕೂಗಿದ. "ಏಯ್, ಜೆಲ್ಲಿ! ಬಾರೋ ಇಲ್ಲಿ, ಯಾರು ಸಿಕ್ಕಿದಾನೆ ನೋಡು, ದೆವ್ವದ ಪಿಚ್ಚರಿನ ಜೆಲ್ಲಿ!" ಇಬ್ಬರೂ ಅವನನ್ನು ಕೆಳಗಿಳಿಸಿದರು. ತಮ್ಮ ಕಾರಿನ ದೀಪದ ಮುಂದೆ ನಿಲ್ಲಿಸಿದರು. ನಿಂತಲ್ಲೇ ಓಡುವುದನ್ನು ಮಾಡು ಎಂದರು, ಮಾಡಿದ. ಟೋಪಿ ತಾನಾಗಿ ಎಗರುವುದನ್ನು ಮಾಡು ಎಂದರು, ಅದನ್ನೂ ಮಾಡಿದ. ದೀಪದ ಝಳಕ್ಕೆ ಆಚೆ ಏನೂ ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಕೊನೆಗೆ ದಪ್ಪನವನು ಕಣ್ಣೊರೆಸಿಕೊಂಡು, ನನ್ನ ಮಗಳಿಗೆ ನೀನು ಅಂದ್ರೆ ಪ್ರಾಣ ಎಂದು ಒಂದು ಚೀಟಿ ಮುಂದೆ ಹಿಡಿದ. ಆ ದನಿಯಲ್ಲಿ ಕಪಟವಿರಲಿಲ್ಲ. ಅಲೊಂಜೊ ಬಗ್ಗಿ, ತೊಡೆಯ ಮೇಲಿಟ್ಟುಕೊಂಡು, ಜೆಲ್ಲಿ ಎಂದು ಬರೆದುಕೊಟ್ಟ. ಊರಿನ ಗಡಿಯವರೆಗೂ ಅವರ ಕಾರು ಮುಂದೆ ಮುಂದೆ ಹೋಗಿ, ಮಂತ್ರಿಗೆ ಕೊಟ್ಟ ಹಾಗೆ ಕಾವಲು ಕೊಟ್ಟಿತು. ಡೆಲ್ಮರ್ ಮನೆಯವರೆಗೆ ಕಾರು ಓಡಿಸಿದ, ಹಿತ್ತಿಲಲ್ಲಿ ನಿಲ್ಲಿಸಿದ, ಕೀಲಿ ತಿರುಗಿಸಿದ. ಇಳಿಯಲಿಲ್ಲ.

ಟ್ರಾಮಿನಲ್ಲಿ ಅಲೊಂಜೊ ಕಿಟಕಿಯ ಹೊರಗೆ ನೋಡುತ್ತಾ ಒಂದೇ ಪ್ರಶ್ನೆಯನ್ನು ಹಲ್ಲುನೋವಿನ ಹಾಗೆ ನಾಲಿಗೆಯಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಆ ಮುಖವನ್ನು ತಾನು ಮಾಡಿದ್ದೋ, ತಾನಾಗಿ ಬಂದದ್ದೋ? ಮಾಡಿದ್ದಾದರೆ ಮಗನನ್ನು ಉಳಿಸಿದ ಅಪ್ಪ, ಕಸುಬು ಬಲ್ಲವನು. ತಾನಾಗಿ ಬಂದದ್ದಾದರೆ ಇಪ್ಪತ್ತು ವರ್ಷ ನಟನೆ ಎಂದು ಸಂಬಳ ತೆಗೆದುಕೊಂಡದ್ದೆಲ್ಲ ಸುಳ್ಳು. ಬಿಳಿಯರ ಎದುರು ನಿಂತರೆ ತನ್ನ ಮುಖ ಇರುವುದೇ ಹಾಗೆ, ಮಗನಿಗೆ ಅದು ನಿನ್ನೆ ತಿಳಿದುಹೋಯಿತು. ಮೊದಲ ಪಿಚ್ಚರಿನಲ್ಲಿ ನಿರ್ದೇಶಕ ಅವನಿಗೆ ಹೇಳದೆ ಕಿವಿಯ ಹಿಂದೆ ಪಿಸ್ತೂಲಿನಿಂದ ಬರೀ ಸದ್ದಿನ ತೋಟಾ ಹಾರಿಸಿದ್ದ. ಅವನು ಹೌಹಾರಿದ, ಸೆಟ್ಟಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದ್ಸಲ, ಎಂದ ನಿರ್ದೇಶಕ. ಈ ಸಲ ಪಿಸ್ತೂಲು ಬೇಡ ಸಾರ್, ಮಾಡ್ತೀನಿ, ಎಂದು ಮಾಡಿ ತೋರಿಸಿದ. ಕಿವಿ ಮೂರು ದಿನ ಗುಂಯ್‌ಗುಟ್ಟಿತು, ಆದರೆ ಕೆಲಸ ಸಿಕ್ಕಿತು. ಆ ಪಿಚ್ಚರು ಬಂದಾಗ ಕತ್ತಲಲ್ಲಿ ಕೂತು ನೋಡಿದರೆ ಪರದೆಯ ಮೇಲಿದ್ದದ್ದು ತನ್ನ ಅಪ್ಪನ ಮುಖ. ಟೆಕ್ಸಸ್‌ನ ಹತ್ತಿ ಹೊಲದ ದಾರಿಯಲ್ಲಿ ಬಿಳಿಯರು ಕುದುರೆಯೇರಿ ಬಂದು ಸುತ್ತ ನಿಂತ ಆ ಸಂಜೆ, ಅಪ್ಪನ ಕಾಲಿನ ಹಿಂದೆ ಅವಿತುಕೊಂಡು ಅವನು ಕೆಳಗಿನಿಂದ ಮೇಲಕ್ಕೆ ನೋಡಿದ್ದ ಮುಖ. ಅಪ್ಪ ಬದುಕಿ ಮನೆಗೆ ಬಂದ, ಆ ಮುಖದ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅದನ್ನು ಮಾರಿ ತಾನು ಮನೆ ಕಟ್ಟಿಸಿದೆ, ಕಾರು ಕೊಂಡೆ, ಕೊರಿನ್‌ಗೆ ತುಪ್ಪಳದ ಕೋಟು ಹೊಲಿಸಿದೆ ಎಂದುಕೊಳ್ಳುವಾಗ ಟ್ರಾಮಿನ ಕಂಡಕ್ಟರ್ ಟಿಕೆಟ್ ಎಂದು ಎರಡನೆಯ ಸಲ ಕೂಗಿದ. ಅಲೊಂಜೊ ಬೆಚ್ಚಿಬಿದ್ದ.

ಸ್ಟುಡಿಯೋದ ಗೇಟಿನಲ್ಲಿ ಕಾವಲಿನವನು ಹಲ್ಲು ಕಿರಿದ. "ಏನ್ ಜೆಲ್ಲಿ, ಇವತ್ತು ನಡ್ಕೊಂಡ್ ಬರ್ತಿದೀಯ? ಕಾರನ್ನ ದೆವ್ವ ಎತ್ಕೊಂಡ್ ಹೋಯ್ತಾ?" ಇಂಥ ಮಾತಿಗೆ ಪ್ರತಿ ಬೆಳಗ್ಗೆಯೂ ಕಣ್ಣರಳಿಸಿ ಒಂದು ಹೆಜ್ಜೆ ಹಿಂದೆ ಹಾರುವುದು ವಾಡಿಕೆ. ಕಣ್ಣಿನ ಸುತ್ತಲ ಚರ್ಮ ಅದಕ್ಕಾಗಿ ಸಜ್ಜಾದದ್ದು ಅವನಿಗೆ ಗೊತ್ತಾಯಿತು. ಹಾರಬೇಕೋ ಬೇಡವೋ ಎಂದು ತಾನಿನ್ನೂ ತೀರ್ಮಾನಿಸಿರಲಿಲ್ಲ. ಮುಖ ತಗ್ಗಿಸಿ, ಕೈಚೀಲದಲ್ಲಿ ಏನೋ ಹುಡುಕುವವನ ಹಾಗೆ ಮಾಡಿ ಒಳಗೆ ಹೋದ. "ಮುದುಕನಿಗೆ ಕೊಬ್ಬು ಬಂದಿದೆ" ಎಂದು ಕಾವಲಿನವನು ಹಿಂದಿನಿಂದ ಯಾರಿಗೋ ಹೇಳಿದ್ದು ಕೇಳಿಸಿತು.

ಇವತ್ತು ಕ್ಯಾಮೆರಾ ಇರಲಿಲ್ಲ, ಬರೀ ದನಿ. ಧ್ವನಿ ವಿಭಾಗದಲ್ಲಿ ಬಾಗಿಲು ಕಿರುಗುಟ್ಟುವುದು, ಗುಡುಗು, ನಾಯಿ ಊಳಿಡುವುದು ಎಲ್ಲವನ್ನೂ ಡಬ್ಬಗಳಲ್ಲಿ ತುಂಬಿಡುತ್ತಾರೆ, ಬೇಕಾದ ಪಿಚ್ಚರಿಗೆ ಬೇಕಾದ್ದನ್ನು ಅಂಟಿಸುತ್ತಾರೆ. ಜೆಲ್ಲಿಯ ಕಿರುಚುಗಳೂ ಅಲ್ಲಿದ್ದವು, ಬಳಸಿ ಬಳಸಿ ಸವೆದಿದ್ದವು, ಹೊಸದಾಗಿ ಹಿಡಿದಿಡಬೇಕಿತ್ತು. ಒಮ್ಮೆ ಅವನೂ ಕೊರಿನ್ನೂ ಒಂದು ಕಾಡಿನ ಪಿಚ್ಚರು ನೋಡಲು ಹೋಗಿದ್ದರು. ಪರದೆಯ ಮೇಲೆ ಬಿಳಿಯ ಬೇಟೆಗಾರನೊಬ್ಬ ಮೊಸಳೆಯ ಬಾಯಿಗೆ ಬಿದ್ದಾಗ ಅವನ ಗಂಟಲಿನಿಂದ ಬಂದದ್ದು ಅಲೊಂಜೊನ ಕಿರುಚು. ಅದು ನೀನಲ್ವಾ, ಎಂದು ಕೊರಿನ್ ಕತ್ತಲಲ್ಲಿ ಅವನ ಕೈ ಹಿಡಿದುಕೊಂಡಿದ್ದಳು. ಸುತ್ತ ಯಾರೂ ನಗಲಿಲ್ಲ, ಒಬ್ಬ ಹೆಂಗಸು ಅಯ್ಯೋ ಪಾಪ ಎಂದಳು. ಅದೇ ಕಿರುಚಿಗೆ ಜನ ಅಯ್ಯೋ ಪಾಪ ಅನ್ನುವುದೂ ಉಂಟೇ ಎಂದು ಅವನು ಆ ವಾರವೆಲ್ಲ ಯೋಚಿಸಿದ್ದ.

ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದರಿಂದ ತನ್ನ ಉಸಿರೂ ತನಗೆ ವಾಪಸು ಬರುತ್ತಿರಲಿಲ್ಲ. ಗಾಜಿನ ಆಚೆ ಧ್ವನಿ ಹಿಡಿಯುವ ಕ್ರೋಲ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ, ಕಡಿಮೆ ಮಾತಿನ ಮನುಷ್ಯ. ಅವನ ಪಕ್ಕದಲ್ಲಿ ಸಹಾಯಕ ನಿರ್ದೇಶಕ ಬ್ಯಾರಟ್, ಚೌಕಳಿ ಕೋಟಿನ ಯುವಕ, ಡೆಲ್ಮರ್‌ನ ವಯಸ್ಸೇ ಇರಬಹುದು.

"ಬೇಗ ಮುಗಿಸೋಣ ಜೆಲ್ಲಿ. ಮೊದ್ಲು ದೆವ್ವ, ಆಮೇಲೆ ಹಾವು, ಆಮೇಲೆ ಅತ್ತೆ ಮನೆಗೆ ಬಂದ್ಲು ಅನ್ನೋದು. ಇವತ್ತು ಒಂದ್ಸಲ ತುಂಬ್ಸಿಟ್ಕೊಂಡ್ರೆ ಮತ್ತೆ ನಿನಗೆ ತೊಂದ್ರೆ ಕೊಡೋದೇ ಇಲ್ಲ."

"ತೊಂದ್ರೆ ಏನು ಸಾರ್," ಎಂದ ಅಲೊಂಜೊ. ಮತ್ತೆ ತೊಂದರೆ ಕೊಡುವುದಿಲ್ಲ ಎಂದರೆ ಮತ್ತೆ ಕರೆಯುವುದಿಲ್ಲ ಎಂದು ಅವನಿಗೆ ಅರ್ಥವಾಗದೆ ಇರಲಿಲ್ಲ. ಬೇರೆ ದಿನವಾಗಿದ್ದರೆ ಅದೇ ದೊಡ್ಡ ಭಯವಾಗುತ್ತಿತ್ತು. ಇವತ್ತು ಅದು ಎಲ್ಲೋ ಪಕ್ಕದ ಮನೆಯ ಜಗಳದ ಹಾಗೆ ಕೇಳಿಸಿತು. ಕೆಂಪು ದೀಪ ಹತ್ತಿತು. ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ, ದವಡೆ ಜೋತುಬಿಟ್ಟ, ಕಣ್ಣು ಏರಿಸಿದ, ಎಲ್ಲ ತಂತಾನೇ ಸಾಲಾಗಿ ಬರಬೇಕಾದದ್ದು ಒಂದೊಂದಾಗಿ, ಸಂಬಂಧವಿಲ್ಲದ ನೆಂಟರ ಹಾಗೆ ಬಂದು ನಿಂತಿತು. ಮೈಕಿನ ಕಪ್ಪು ಗುಂಡು ಬಾಯಿಯ ಎದುರಿಗಿತ್ತು. ಟಾರ್ಚಿನ ಹಿಂದಿನ ಕತ್ತಲು, ಸೀಟಿನಲ್ಲಿ ಕಲ್ಲಾಗಿ ಕೂತ ಮಗ, ಪಿಸ್ತೂಲಿನ ಮೇಲೆ ಕೂತ ಆ ಕೈ, ಅದರ ಬೆರಳಲ್ಲಿ ಮದುವೆಯ ಉಂಗುರವಿತ್ತು. ಈಗ ಹಾರಿಸುತ್ತಾನೆ, ಮೊದಲು ಡೆಲ್ಮರ್‌ನ ಕುತ್ತಿಗೆಗೆ ಬೀಳುತ್ತದೆ ಎಂದುಕೊಂಡ ಆ ಕ್ಷಣ ಒಳಗಿನಿಂದ ಏನೋ ಮೇಲೇರಿತು. ದೊಡ್ಡ ದನಿಯಲ್ಲ ಅದು. ನೀರಿನಲ್ಲಿ ಮುಳುಗಿಸಿದ ಬೆಕ್ಕಿನ ಮರಿಯ ದನಿಯ ಹಾಗೆ ಒಂದು ಎಳೆ. ಎಳೆಯಿತು, ತುಂಡಾಯಿತು, ಮತ್ತೆ ಎಳೆಯಿತು, ಆಮೇಲೆ ಬರೀ ಉಸಿರು.

ಕೆಂಪು ದೀಪ ಆರಿತು. ಕ್ರೋಲ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತಾ ಕೂತ. ಬ್ಯಾರಟ್‌ಗೆ ನಗುವುದೋ ಬೇಡವೋ ತಿಳಿಯಲಿಲ್ಲ.

"ಏನಿದು ಜೆಲ್ಲಿ? ಮೈಗೆ ಹುಷಾರಿಲ್ವಾ?"

"ಚೆನ್ನಾಗಿದೀನಿ ಸಾರ್."

"ಇದು ಬೇಡಪ್ಪಾ. ಇದನ್ನ ಹಾಕಿದ್ರೆ ಜನ ಎದ್ದು ಮನೆಗೆ ಹೋಗ್ತಾರೆ. ನಿನ್ನ ಮಾಮೂಲಿದನ್ನ ಕೊಡು. ಜನಕ್ಕೆ ಬೇಕಾಗಿರೋದು ಅದು."

"ಎಸೆದುಬಿಡ್ಲಾ ಇದನ್ನ?" ಎಂದು ಕ್ರೋಲ್ ಕೇಳಿದ. ಬ್ಯಾರಟ್‌ನನ್ನಲ್ಲ, ಅಲೊಂಜೊನನ್ನು.

"ಎಸೆದ್ಬಿಡಿ ಸಾರ್," ಎಂದ ಅಲೊಂಜೊ.

ಮಾಮೂಲಿಯದು ಆಮೇಲೆ ಒಂದೇ ಸಲಕ್ಕೆ ಬಂತು. ದೆವ್ವ, ಹಾವು, ಅತ್ತೆ, ಎಲ್ಲವೂ. ಬ್ಯಾರಟ್ ಬಗ್ಗಿ ಬಗ್ಗಿ ನಕ್ಕ, ಕ್ರೋಲ್ ನಗಲಿಲ್ಲ. ಕೊನೆಯ ಕಿರುಚಿನ ನಡುವೆಯೇ ಅಲೊಂಜೊನಿಗೆ ಹೊಳೆದದ್ದು ಇಷ್ಟು: ನಿನ್ನೆ ದೀಪದ ಮುಂದೆ ಬಂದದ್ದು ಇದೇ, ಈ ಮಾಮೂಲಿಯದೇ. ದಪ್ಪ ಪೊಲೀಸಿನವನು ಬ್ಯಾರಟ್‌ನ ಹಾಗೆಯೇ ನಕ್ಕಿದ್ದ. ನಿಜವಾದದ್ದು ಬಂದಿದ್ದರೆ ಅವನು ನಗುತ್ತಿರಲಿಲ್ಲ, ಹಾರಿಸುತ್ತಿದ್ದ. ಅಂದರೆ ನಿಜವಾದದ್ದನ್ನು ತಾನು ಒಳಗೆ ಅದುಮಿಟ್ಟು ಸುಳ್ಳನ್ನು ಮುಂದೆ ಮಾಡಿದ್ದೆ, ಅದು ನಟನೆ, ಬರೀ ನಟನೆ. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಥ್ಯಾಂಕ್ಯೂ ಸಾರ್, ಥ್ಯಾಂಕ್ಯೂ ಎಂದು ಗಾಜಿಗೆ ಕೈಮುಗಿಯುವವನ ಹಾಗೆ ಮಾಡಿ ಹೊರಗೆ ಓಡಿಬಂದ. ಟೋಪಿಯನ್ನು ಅಲ್ಲೇ ಮರೆತ.

ಟ್ರಾಮಿನಲ್ಲಿ ಮಾತು ಜೋಡಿಸಿದ. ಡೆಲ್ಮರ್, ಒಂದು ಮಾತು ಹೇಳ್ಬೇಕು. ಬೇಡ, ಅದು ಪಾದ್ರಿಯ ಹಾಗಾಯಿತು. ಡೆಲ್ಮರ್, ನಿನ್ನೆದು ನಟನೆ ಕಣೋ. ಇದು ಸರಿ. ತುಟಿ ಅಲ್ಲಾಡುತ್ತಿರುವುದನ್ನು ಎದುರಿನ ಸೀಟಿನ ಹೆಂಗಸು ನೋಡಿ ಮಗುವನ್ನು ಹತ್ತಿರ ಎಳೆದುಕೊಂಡಳು. ಮನೆಯ ಬೀದಿ ಹತ್ತಿರವಾದಂತೆ ಸಂತೋಷ ತೆಳ್ಳಗಾಗುತ್ತಾ ಬಂತು. ಕಾರು ಇಲ್ಲದಿದ್ದರೆ? ಕಾರು ಇದ್ದು ಅವನು ಇಲ್ಲದಿದ್ದರೆ? ಇದ್ದು, ಹೇಳಿದ್ದನ್ನೆಲ್ಲ ಕೇಳಿ, ಅದೇ ಮೆಲ್ಲನೆಯ ದನಿಯಲ್ಲಿ ಕಾರಣ ಹೇಳಿ ಇಳೀತೀನಿ ಎಂದರೆ? ಹಿತ್ತಿಲ ಗೇಟಿನ ಚಿಲಕ ತೆಗೆದ.

ಕಾರು ಅಲ್ಲೇ ಇತ್ತು. ಡೆಲ್ಮರ್ ಅಲ್ಲೇ ಇದ್ದ. ಸೈನ್ಯದ ಅಂಗಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದಿದ್ದ. ಅಲೊಂಜೊ ಇನ್ನೊಂದು ಬಾಗಿಲು ತೆರೆದು, ನಿನ್ನೆ ಕೂತಿದ್ದ ಜಾಗದಲ್ಲೇ ಕೂತ. ಕೊರಿನ್ ಅಡುಗೆಮನೆಯ ಕಿಟಕಿಯಲ್ಲಿ ಕಂಡು ಮರೆಯಾದಳು.

"ಡೆಲ್ಮರ್, ನಿನ್ನೆದು ನಟನೆ ಕಣೋ. ಹೆದರಿಕೆ ಇರ್ಲಿಲ್ಲ ಅಂತಲ್ಲ. ಇತ್ತು, ಹೊಟ್ಟೆ ತುಂಬ ಇತ್ತು. ಆದ್ರೆ ಆ ಮುಖ ಅದ್ರಿಂದ ಬಂದಿದ್ದಲ್ಲ. ನಾನೇ ಮಾಡಿದ್ದು. ನಿನ್ನ ಉಳಿಸ್ಕೊಳ್ಳೋಕೆ ಮಾಡಿದ್ದು." ತುಂಬ ಬೇಗ ಹೇಳಿಬಿಟ್ಟೆ ಎನ್ನಿಸಿತು. ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಬೇಕಿತ್ತು.

"ಗೊತ್ತು," ಎಂದ ಡೆಲ್ಮರ್.

"ಗೊತ್ತಾ?"

"ಅಪ್ಪಾ, ಚಿಕ್ಕವನಿಂದ ನೋಡಿದೀನಿ. ನಿನ್ನ ಮುಖ ಯಾವ್ದು, ಜೆಲ್ಲಿ ಮುಖ ಯಾವ್ದು ಅಂತ ನನಗೆ ಗೊತ್ತಾಗಲ್ವಾ?"

"ಮತ್ತೆ? ಮತ್ಯಾಕೋ ಇಲ್ಲೇ ಕೂತಿದೀಯ? ನಿಮ್ಮಮ್ಮ ಒಂದೇ ಸಮ ಒದ್ದಾಡ್ತಿದಾಳೆ. ನಾನೂ..."

ಡೆಲ್ಮರ್ ಎದುರಿನ ಗಾಜನ್ನೇ ನೋಡುತ್ತಿದ್ದ. ಗಾಜಿನ ಮೇಲೆ ಬೆಟ್ಟದ ದಾರಿಯ ಹುಳುಗಳು ಅಪ್ಪಚ್ಚಿಯಾಗಿ ಒಣಗಿದ್ದವು.

"ನಾನು ನಕ್ಕೆ," ಎಂದ.

"ಏನು?"

"ನೀನು ಲೈಟಿನ ಮುಂದೆ ಮಾಡ್ತಿದ್ದಾಗ. ಆ ದಪ್ಪನವನು ಕಿಟಕಿ ಹತ್ರಾನೇ ನಿಂತಿದ್ದ. ನನ್ನೇ ನೋಡ್ತಿದ್ದ, ಇವನು ನಗ್ತಾನಾ ಇಲ್ವಾ ಅಂತ. ಅದಕ್ಕೆ ನಕ್ಕೆ. ಮೊದ್ಲು ಅದಕ್ಕೇ." ಅವನು ಸ್ಟೀರಿಂಗ್ ಹಿಡಿದುಕೊಂಡ. "ಆಮೇಲೆ ನಿಜವಾಗ್ಲೂ ಬಂತು ಅಪ್ಪ. ತಡ್ಕೊಳ್ಳೋಕಾಗ್ಲಿಲ್ಲ. ಸ್ಟೀರಿಂಗ್ ಮೇಲೆ ತಲೆ ಇಟ್ಕೊಂಡು ಅವರಿಬ್ರಿಗಿಂತ ಜೋರಾಗಿ ನಕ್ಕೆ. ಅವನು ಕೈ ಒಳಗ್ ಹಾಕಿ ನನ್ನ ಭುಜ ತಟ್ಟಿದ, ಗೆಳೆಯನ್ನ ತಟ್ಟಿದ ಹಾಗೆ. ಇಟಲಿಯಲ್ಲಿ ಏನೇನೋ ಮಾಡಿದೀನಿ ಅಪ್ಪ, ಎಲ್ಲಾದ್ರ ಜೊತೆ ನಿದ್ದೆ ಬರುತ್ತೆ. ಇದ್ರ ಜೊತೆ ಒಳಗೆ ಬಂದು ಆ ಹಾಸಿಗೆ ಮೇಲೆ ಹೇಗೆ ಮಲಗ್ಲಿ?"

ಡೆಲ್ಮರ್ ಅಳುತ್ತಿದ್ದ, ಸದ್ದಿಲ್ಲದೆ, ಮುಖವನ್ನು ಒರೆಸಿಕೊಳ್ಳದೆ. ಈಗ ಏನು ಮಾಡಬೇಕೆಂದು ಅಲೊಂಜೊನಿಗೆ ಚೆನ್ನಾಗಿ ತಿಳಿದಿತ್ತು. ಕೈಯೆತ್ತಿ ಮಗನ ಕುತ್ತಿಗೆಯ ಹಿಂದೆ ಇಡಬೇಕು. ಹೋಗ್ಲಿ ಬಿಡೋ, ನಗೋದ್ರಲ್ಲಿ ಏನಿದೆ, ಇಬ್ರೂ ಬದುಕಿ ಬಂದ್ವಲ್ಲ ಎನ್ನಬೇಕು. ಹಾಗೆನ್ನುವ ಅಪ್ಪಂದಿರ ಪಾತ್ರ ಅವನಿಗೆ ಯಾರೂ ಕೊಟ್ಟಿರಲಿಲ್ಲ, ಆದರೂ ಮಾತು ಗೊತ್ತಿತ್ತು. ಕೈ ಎತ್ತಿದ. ಅಷ್ಟರಲ್ಲಿ ಹೊಟ್ಟೆಯ ಒಳಗೆ, ಬೆಳಗಿನಿಂದ ಖಾಲಿಯಿದ್ದ ಆ ಜಾಗದಲ್ಲಿ, ಬೆಚ್ಚಗೆ ಏನೋ ಕದಲಿತು. ಬೇಡ, ಬೇಡ ಎಂದುಕೊಂಡ. ಅದು ಕೇಳದೆ ಮೇಲೇರುತ್ತಾ ಬಂತು. ಅದೇನೆಂದು ಅವನಿಗೆ ಗೊತ್ತಿತ್ತು, ತುಂಬಿದ ಥಿಯೇಟರು ತನ್ನನ್ನು ನೋಡಿ ನಕ್ಕಾಗ ಎಷ್ಟೋ ಸಲ ಬಂದ ಹಿಗ್ಗು ಅದು. ತುಟಿಗಳನ್ನು ಬಿಗಿಹಿಡಿದ. ಮಾತು ಹೊರಗೆ ಬಿದ್ದೇಬಿಟ್ಟಿತು.

"ಯಾವಾಗ ನಕ್ಕೆ? ಓಡಿದಾಗ್ಲಾ, ಟೋಪಿ ಎಗರಿಸಿದಾಗ್ಲಾ?"

ಡೆಲ್ಮರ್ ತಿರುಗಿ ಅಪ್ಪನನ್ನು ನೋಡಿದ. ನಿನ್ನೆ ಸಂಜೆಯಿಂದ ಮೊದಲ ಸಲ, ಕಣ್ಣು ಕದಲಿಸದೆ ನೋಡಿದ. ತನ್ನ ಮುಖ ಈಗ ಹೇಗಿದೆಯೋ ಅಲೊಂಜೊನಿಗೆ ತಿಳಿಯಲಿಲ್ಲ. ಎರಡೂ ಕೈಗಳಿಂದ ಅದನ್ನು ಮುಟ್ಟಿ ನೋಡಿಕೊಂಡ.